ಮೂರು ತಂತಿಯ ಮಾತುಕತೆ

(ಒಂದು ಭಾನುವಾರ ಬೆಳಿಗ್ಗೆ ಪಿಯುಸಿ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಒಂದು ಹಳೆಯ ಟಿಐ-83 ಪ್ಲಸ್ ಇದೆ. ಇದು ಗ್ರಾಫಿಂಗ್ ಕ್ಯಾಲ್ಕುಲೇಟರ್, ಅಂದರೆ ಸಮೀಕರಣದ ಗ್ರಾಫನ್ನು ಪರದೆಯ ಮೇಲೆ ಬರೆದು ತೋರಿಸುವಂಥದ್ದು. ಪಕ್ಕದಲ್ಲಿ ಒಂದು ಕೇಬಲ್ ಇದೆ. ಇದರಲ್ಲಿ ಪ್ರೋಗ್ರಾಮ್ ಬರೆಯುವುದು ಹೇಗೆ, ಅದು ಈ ಕೇಬಲಿನಲ್ಲಿ ಕಂಪ್ಯೂಟರಿಗೆ ಹೇಗೆ ದಾಟುತ್ತದೆ ಅನ್ನುವುದೇ ಇವತ್ತಿನ ಮಾತು. ಅಲ್ಲಿ ಕಿಟಕಿಯ ಸರಳಿಗೆ ಎರಡು ರಿಬ್ಬನ್ ಕಟ್ಟಿದ್ದೇನೆ, ಒಂದು ಕೆಂಪು, ಒಂದು ಬಿಳಿ. ರಿಬ್ಬನ್ ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಮ್ಮಲ್ಲಿ ಹೆಚ್ಚಿನವರು ಇಂಥ ಕ್ಯಾಲ್ಕುಲೇಟರನ್ನು ಕೈಯಲ್ಲಿ ಹಿಡಿದಿಲ್ಲ. ಶಾಲೆಯಲ್ಲಿ ನಾವು ಲಾಗ್ ಟೇಬಲ್ ನೋಡಿ ಲೆಕ್ಕ ಮಾಡಿದವರು. ಎಂಜಿನಿಯರಿಂಗ್‌ಗೆ ಬಂದ ಮೇಲೆ ಸೈಂಟಿಫಿಕ್ ಕ್ಯಾಲ್ಕುಲೇಟರ್ ಬಂತು. ಅದರಲ್ಲೂ ಪ್ರೋಗ್ರಾಮ್ ಬರೆಯಬಹುದಾದದ್ದನ್ನು ಪರೀಕ್ಷೆಗೆ ತರಬೇಡಿ ಎಂದರು. ಹಾಗಾಗಿ ನಾನು ಗ್ರಾಫಿಂಗ್ ಕ್ಯಾಲ್ಕುಲೇಟರನ್ನು ಮೊದಲು ನೋಡಿದ್ದು 2002ರಲ್ಲಿ, ಓದಲು ಅಮೆರಿಕಕ್ಕೆ ಹೋದಾಗ. ಅಲ್ಲಿ ಮೊದಲ ವರ್ಷದ ಮಕ್ಕಳಿಗೆ ಗಣಿತ ಹೇಳಿಕೊಡುವ ಕೆಲಸ ಸಿಕ್ಕಿತ್ತು. ಪ್ರತಿಯೊಬ್ಬರ ಬ್ಯಾಗಲ್ಲೂ ಇಂಥದ್ದೊಂದು ಇರುತ್ತಿತ್ತು.

ಯಾಕೆ ಇರುತ್ತಿತ್ತು ಅನ್ನುವುದಕ್ಕೆ ಕಾರಣವಿದೆ. ಕ್ಯಾಸಿಯೊ ಕಂಪನಿ 1985ರಲ್ಲಿ ಎಫ್‌ಎಕ್ಸ್-7000ಜಿ ಎಂಬ ಮೊದಲ ಗ್ರಾಫಿಂಗ್ ಕ್ಯಾಲ್ಕುಲೇಟರನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಪ್ರೋಗ್ರಾಮ್‌ಗೆ ಸಿಗುತ್ತಿದ್ದ ಜಾಗ 422 ಬೈಟ್, ಅಷ್ಟೇ. ನಾವು ಕಳಿಸುವ ಒಂದು ಉದ್ದನೆಯ ವಾಟ್ಸಾಪ್ ಮೆಸೇಜ್ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಆಮೇಲೆ ಎಚ್‌ಪಿ ಬಂತು. 1990ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಐ-81 ಬಂತು. 1995ರಿಂದ ಅಮೆರಿಕದ ಕಾಲೇಜ್ ಬೋರ್ಡ್ ಹೈಸ್ಕೂಲ್ ಮಕ್ಕಳಿಗೆ ಕಾಲೇಜು ಮಟ್ಟದಲ್ಲಿ ನಡೆಸುವ ಎಪಿ ಕ್ಯಾಲ್ಕುಲಸ್ ಪರೀಕ್ಷೆಗೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕೇ ಬೇಕು ಎಂದಾಯಿತು. ಅಲ್ಲಿಂದ ಅದು ಪಠ್ಯಪುಸ್ತಕದ ಹಾಗೆ ಮನೆಮನೆಗೆ ಹೋಯಿತು. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಗುವಿನ ಬ್ಯಾಗಲ್ಲೂ ಹೀಗೆ ಒಂದು ಪುಟ್ಟ ಕಂಪ್ಯೂಟರ್ ಬಂದು ಕೂತಿತು.

ಕಂಪ್ಯೂಟರ್ ಅನ್ನುವ ಮಾತನ್ನು ಯೋಚಿಸಿಯೇ ಹೇಳುತ್ತಿದ್ದೇನೆ. ಇದರೊಳಗೆ ಇರುವುದು ಜೈಲಾಗ್ ಕಂಪನಿ 1976ರಲ್ಲಿ ತಂದ ಜೆಡ್80 ಪ್ರೊಸೆಸರ್. 1980ರ ದಶಕದಲ್ಲಿ ಟಿವಿಗೆ ಜೋಡಿಸಿ ಆಡುತ್ತಿದ್ದ ಮನೆ ಕಂಪ್ಯೂಟರುಗಳಲ್ಲೂ ಇದೇ ಇತ್ತು. ಇದರ ವೇಗ 6 ಮೆಗಾಹರ್ಟ್ಸ್. ಬಳಕೆಗೆ ಸಿಗುವ ಮೆಮೊರಿ 24 ಕಿಲೋಬೈಟ್. ಪರದೆಯಲ್ಲಿ ಅಡ್ಡಕ್ಕೆ 96, ಉದ್ದಕ್ಕೆ 64 ಚುಕ್ಕಿ. ಅಕ್ಷರ ಬರೆದರೆ ಸಾಲಿಗೆ 16ರಂತೆ 8 ಸಾಲು. ಇಷ್ಟು ಚಿಕ್ಕದಾಗಿರುವುದರಿಂದ ಇಡೀ ಯಂತ್ರವನ್ನು ಒಬ್ಬರೇ ತಲೆಯಲ್ಲಿ ಇಟ್ಟುಕೊಳ್ಳಬಹುದು. ಇದರ ದೊಡ್ಡತನ ಅದೇ ಅಂತ ನನಗೆ ಅನಿಸುತ್ತದೆ.

ಈಗ ಒಂದು ಪ್ರೋಗ್ರಾಮ್ ಬರೆಯೋಣ.

ಇದರಲ್ಲಿ ಪ್ರೋಗ್ರಾಮ್ ಬರೆಯುವ ಭಾಷೆಗೆ ಟಿಐ-ಬೇಸಿಕ್ ಅನ್ನುತ್ತಾರೆ. ಮೊದಲ ಸಲ ಬರೆಯುವವರು ಎಲ್ಲರೂ ಒಂದು ಕಡೆ ಸಿಕ್ಕಿಕೊಳ್ಳುತ್ತಾರೆ. ಪರದೆಯಲ್ಲಿ ಏನಾದರೂ ತೋರಿಸಲು ಡಿಸ್ಪ್ ಎಂಬ ಆದೇಶವಿದೆ. ಅದನ್ನು ಡಿ, ಐ, ಎಸ್, ಪಿ ಅಂತ ಒಂದೊಂದೇ ಅಕ್ಷರ ಒತ್ತಿ ಬರೆದರೆ ಕೆಲಸ ಮಾಡುವುದಿಲ್ಲ. ಪ್ರೋಗ್ರಾಮ್ ಮೆನು ತೆರೆದು, ಅಲ್ಲಿಂದ ಆ ಪದವನ್ನು ಆರಿಸಬೇಕು. ಯಾಕೆಂದರೆ ನಮ್ಮ ಕಣ್ಣಿಗೆ ಅದು ನಾಲ್ಕು ಅಕ್ಷರ, ಯಂತ್ರಕ್ಕೆ ಒಂದೇ ಬೈಟ್. ಇಂಥ ಬೈಟಿಗೆ ಟೋಕನ್ ಅಂತ ಹೆಸರು. ಒಂದೊಂದು ಆದೇಶಕ್ಕೂ ಒಂದು ಅಥವಾ ಎರಡು ಬೈಟಿನ ಟೋಕನ್ ಇದೆ. ಇದರಿಂದ ಜಾಗ ಉಳಿಯುತ್ತದೆ. ಪ್ರೋಗ್ರಾಮ್ ಓಡುವಾಗ ಅಕ್ಷರ ಕೂಡಿಸಿ ಓದುವ ಕೆಲಸವೂ ತಪ್ಪುತ್ತದೆ. 24 ಕಿಲೋಬೈಟಿನೊಳಗೆ ಸಂಸಾರ ನಡೆಸಬೇಕಾದರೆ ಇಂಥ ಜಾಣತನ ಬೇಕು.

ಕೀ ಒತ್ತಿದ್ದನ್ನು ತಿಳಿಯಲು ಗೆಟ್‌ಕೀ ಎಂಬ ಆದೇಶವಿದೆ. ಎಂಟರ್ ಒತ್ತಿದರೆ 105 ಎಂಬ ಸಂಖ್ಯೆ ಬರುತ್ತದೆ. ಈ 105 ಎಲ್ಲಿಂದ ಬಂತು? ಕೀಗಳನ್ನು ಮೇಲಿನಿಂದ ಎಣಿಸಿ. ಎಂಟರ್ ಇರುವುದು 10ನೇ ಸಾಲಿನಲ್ಲಿ, 5ನೇ ಕೀ. 10 ಮತ್ತು 5 ಸೇರಿ 105. ಎಡ ಬಾಣ 24, ಅಂದರೆ 2ನೇ ಸಾಲು, 4ನೇ ಕೀ. ಇಷ್ಟು ಗೊತ್ತಾದರೆ ಕೋಡ್ ಪಟ್ಟಿ ಬಾಯಿಪಾಠ ಮಾಡುವುದೇ ಬೇಡ.

ಪರದೆಯಲ್ಲಿ ಈಗ ಓಡುತ್ತಿರುವ ಪ್ರೋಗ್ರಾಮ್ ಹತ್ತು ಹದಿನೈದು ಸಾಲಿನದು. ಮೂರು ಮೂಲೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎಲ್ಲೋ ಒಂದು ಚುಕ್ಕಿ ಇದೆ. ಮೂರರಲ್ಲಿ ಯಾವುದಾದರೂ ಒಂದು ಮೂಲೆಯನ್ನು ಚೀಟಿ ಎತ್ತಿದ ಹಾಗೆ ಆರಿಸಿ. ಚುಕ್ಕಿಯಿಂದ ಆ ಮೂಲೆಗೆ ಅರ್ಧ ದಾರಿ ಹೋಗಿ. ಅಲ್ಲಿ ಒಂದು ಚುಕ್ಕಿ ಇಡಿ. ಮತ್ತೆ ಚೀಟಿ ಎತ್ತಿ. ಇದನ್ನು 3000 ಸಲ ಮಾಡಿ. ಮೊದಲು ಎಳ್ಳು ಚೆಲ್ಲಿದ ಹಾಗೆ ಕಾಣುತ್ತದೆ. ಸ್ವಲ್ಪ ಹೊತ್ತು ನೋಡುತ್ತಾ ಇರಿ. ತ್ರಿಕೋನದೊಳಗೆ ತ್ರಿಕೋನ, ಅದರೊಳಗೆ ಇನ್ನೂ ಚಿಕ್ಕ ತ್ರಿಕೋನ ಮೂಡಿ ಬರುತ್ತದೆ. ಇದಕ್ಕೆ ಸಿಯರ್ಪಿನ್‌ಸ್ಕಿ ತ್ರಿಕೋನ ಅನ್ನುತ್ತಾರೆ. ಲ್ಯಾಪ್‌ಟಾಪಿನಲ್ಲಿ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಇಲ್ಲಿ ನಿಮಿಷಗಟ್ಟಲೆ ಬೇಕು. ಅಜ್ಜಿ ಅಂಗಳದಲ್ಲಿ ಚುಕ್ಕಿ ಇಡುವುದನ್ನು ಪಕ್ಕದಲ್ಲಿ ಕೂತು ನೋಡಿದ ಹಾಗೆ. ನಿಧಾನವಾಗಿ ಮೂಡುವುದರಿಂದಲೇ ಅದು ಮನಸ್ಸಿನಲ್ಲಿ ಉಳಿಯುತ್ತದೆ.

ನಾನು ಆಗ ಸರ್ಕ್ಯೂಟ್ ಲೆಕ್ಕಗಳಿಗೆ ಅಂತ ಒಂದಿಷ್ಟು ಪ್ರೋಗ್ರಾಮ್ ಬರೆದಿದ್ದೆ. ವಾರಗಟ್ಟಲೆ ಕೂತು, ಆ ಚಿಕ್ಕ ಕೀಗಳನ್ನು ಒತ್ತಿ ಒತ್ತಿ ಬರೆದದ್ದು. ಒಂದು ರಾತ್ರಿ ಬ್ಯಾಟರಿ ಬದಲಿಸಲು ಕೂತೆ. ನಾಲ್ಕು ಪೆನ್ಸಿಲ್ ಸೆಲ್ ತೆಗೆದೆ. ಜೊತೆಗೆ, ಮೆಮೊರಿ ಕಾಯುವ ಗುಂಡು ಸೆಲ್ಲನ್ನೂ ತೆಗೆದುಬಿಟ್ಟೆ. ಮತ್ತೆ ಆನ್ ಮಾಡಿದಾಗ ರ‍್ಯಾಮ್ ಕ್ಲಿಯರ್ಡ್ ಎಂಬ ಎರಡೇ ಪದ ಬಂದವು. ಎಲ್ಲವೂ ಹೋಗಿತ್ತು. ಬ್ಯಾಟರಿ ಇಲ್ಲದಿದ್ದರೂ ಅಳಿಯದ ಫ್ಲ್ಯಾಶ್ ಮೆಮೊರಿಯ ಆರ್ಕೈವ್‌ಗೆ ಹಾಕಿದ್ದರೆ ಉಳಿಯುತ್ತಿತ್ತು, ಅದು ನನಗೆ ಗೊತ್ತಿರಲಿಲ್ಲ. ಮರುದಿನ ಒಬ್ಬ ವಿದ್ಯಾರ್ಥಿ ತನ್ನ ಕೇಬಲ್ ತಂದು ಕೊಟ್ಟ. ಇನ್ನು ಮೇಲೆ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಡಿ ಅಂದ. ಹಾಗೆ ಕೇಬಲ್ ನನ್ನ ಕೈಗೆ ಬಂತು. ಅದರೊಳಗೆ ಏನು ಹರಿಯುತ್ತದೆ ಅಂತ ತಿಳಿಯುವ ಆಸೆ ಹುಟ್ಟಿದ್ದೂ ಅಲ್ಲೇ.

ಈಗ ರಿಬ್ಬನ್ ಹತ್ತಿರ ಬನ್ನಿ. ನನಗೆ ಇಬ್ಬರು ಬೇಕು.

(ಒಬ್ಬ ಹುಡುಗ, ಒಬ್ಬಳು ಹುಡುಗಿ ಮುಂದೆ ಬಂದರು.)

ಈ ಕ್ಯಾಲ್ಕುಲೇಟರಿನ ಕೆಳಗೆ ಒಂದು ಚಿಕ್ಕ ತೂತು ಇದೆ. ಇಯರ್‌ಫೋನ್ ಜ್ಯಾಕ್ ಥರ ಕಾಣುತ್ತದೆ, ಅದಕ್ಕಿಂತ ಸಣ್ಣದು, 2.5 ಮಿಲಿಮೀಟರ್. ಕೇಬಲ್ ಒಳಗೆ ಮೂರು ತಂತಿ. ಒಂದು ಕೆಂಪು, ಒಂದು ಬಿಳಿ, ಇನ್ನೊಂದು ಗ್ರೌಂಡ್. ಮಾತಾಡುವ ಕೆಲಸ ಕೆಂಪು, ಬಿಳಿ ಎರಡರದ್ದೇ. ರಿಬ್ಬನ್‌ಗಳನ್ನು ರಬ್ಬರ್ ಬ್ಯಾಂಡಿನಲ್ಲಿ ತೂಗು ಹಾಕಿದ್ದೇನೆ, ನೋಡಿ. ಸುಮ್ನೆ ಬಿಟ್ಟರೆ ಮೇಲೇ ಇರುತ್ತವೆ. ಮೇಲೆ ಅಂದರೆ ತಂತಿಯಲ್ಲಿ ವೋಲ್ಟೇಜ್ ಇದೆ, ಕೆಳಗೆ ಅಂದರೆ ಸೊನ್ನೆ. ಯಾರು ಬೇಕಾದರೂ ಕೆಳಗೆ ಎಳೆಯಬಹುದು. ಮೇಲಕ್ಕೆ ತಳ್ಳುವ ಹಕ್ಕು ಯಾರಿಗೂ ಇಲ್ಲ. ಕೈ ಬಿಟ್ಟರೆ ರಬ್ಬರ್ ಬ್ಯಾಂಡ್ ತಾನೇ ಮೇಲೆ ಎಳೆದುಕೊಳ್ಳುತ್ತದೆ. ಸರ್ಕ್ಯೂಟಿನಲ್ಲಿ ರಬ್ಬರ್ ಬ್ಯಾಂಡಿನ ಕೆಲಸ ಮಾಡುವುದು ಪುಲ್-ಅಪ್ ರೆಸಿಸ್ಟರ್. ಒಬ್ಬರು ಮೇಲೆ ತಳ್ಳಿ, ಇನ್ನೊಬ್ಬರು ಕೆಳಗೆ ಎಳೆದರೆ ಶಾರ್ಟ್ ಆಗುತ್ತದೆ. ತಳ್ಳುವುದೇ ಇಲ್ಲ ಅಂದ ಮೇಲೆ ಆ ಭಯವಿಲ್ಲ.

ನಿಯಮ ಹೀಗೆ. ಹುಡುಗ ಕಳಿಸುವವನು, ಹುಡುಗಿ ಪಡೆಯುವವಳು. ಸೊನ್ನೆ ಕಳಿಸಬೇಕಾದರೆ ಅವನು ಕೆಂಪು ಎಳೆಯುತ್ತಾನೆ. ಒಂದು ಕಳಿಸಬೇಕಾದರೆ ಬಿಳಿ ಎಳೆಯುತ್ತಾನೆ. ಅವನು ಎಳೆದದ್ದನ್ನು ನೋಡಿ ಅವಳು ಇನ್ನೊಂದು ರಿಬ್ಬನ್ ಎಳೆಯುತ್ತಾಳೆ. ಅಂದರೆ, ನೋಡಿದೆ, ಬರೆದುಕೊಂಡೆ. ಅದನ್ನು ನೋಡಿದ ಮೇಲೆ ಅವನು ತನ್ನದನ್ನು ಬಿಡುತ್ತಾನೆ. ಅವನು ಬಿಟ್ಟದ್ದನ್ನು ನೋಡಿ ಅವಳೂ ಬಿಡುತ್ತಾಳೆ. ಎರಡೂ ರಿಬ್ಬನ್ ಮೇಲೆ ಹೋದವು. ಒಂದು ಬಿಟ್ ದಾಟಿತು. ಎಂಟು ಬಿಟ್ ದಾಟಿದರೆ ಒಂದು ಬೈಟ್.

ಮನೆಗೆ ಆರ್‌ಸಿಸಿ ಹಾಕುವ ದಿನ ನೀವು ನೋಡಿರುತ್ತೀರಿ. ಕೆಳಗಿನಿಂದ ಮೇಲಿನವರೆಗೆ ಸಾಲಾಗಿ ನಿಂತು ಕಾಂಕ್ರೀಟ್ ತುಂಬಿದ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮುಂದಿನವರು ಹಿಡಿದರು ಅಂತ ಗೊತ್ತಾಗುವವರೆಗೆ ಹಿಂದಿನವರು ಕೈ ಬಿಡುವುದಿಲ್ಲ. ಬಿಟ್ಟರೆ ಬಾಂಡ್ಲಿ ಕಾಲ ಮೇಲೆ ಬೀಳುತ್ತದೆ. ಯಾರೂ ಒನ್, ಟೂ, ತ್ರೀ ಅಂತ ತಾಳ ಹಾಕುತ್ತಾ ನಿಂತಿರುವುದಿಲ್ಲ. ಯಾರ ಕೈ ನಿಧಾನವೋ ಅವರ ವೇಗದಲ್ಲಿ ಸಾಲು ನಡೆಯುತ್ತದೆ. ಈ ಕೇಬಲ್ ಕೂಡ ಹಾಗೇ. ಇದರಲ್ಲಿ ಗಡಿಯಾರದ ಸಿಗ್ನಲ್ ಇಲ್ಲ. ಹಳೆಯ ಕಂಪ್ಯೂಟರುಗಳಲ್ಲಿದ್ದ ಸಾಮಾನ್ಯ ಸೀರಿಯಲ್ ಪೋರ್ಟಿನಲ್ಲಿ ಎರಡೂ ಕಡೆಯವರು ಮೊದಲೇ ವೇಗ ಒಪ್ಪಿಕೊಂಡಿರಬೇಕು. ಒಬ್ಬರ ಲೆಕ್ಕ ತಪ್ಪಿದರೆ ಎಲ್ಲಾ ಕಲಸುಮೇಲೋಗರ. ಇಲ್ಲಿ 6 ಮೆಗಾಹರ್ಟ್ಸ್‌ನ ಕ್ಯಾಲ್ಕುಲೇಟರಿಗೂ, ಅದಕ್ಕಿಂತ ನೂರಾರು ಪಟ್ಟು ವೇಗದ ಕಂಪ್ಯೂಟರಿಗೂ ಜಗಳವೇ ಇಲ್ಲ. ವೇಗವಾಗಿರುವವನು ಕಾಯುತ್ತಾನೆ. ನನಗೆ ಈ ವಿನ್ಯಾಸ ತುಂಬಾ ಇಷ್ಟ. ಬಲಶಾಲಿ ಕಾಯಬೇಕು ಅನ್ನುವುದನ್ನು ತಂತಿಯಲ್ಲೇ ಬರೆದಿಟ್ಟಿದ್ದಾರೆ.

ಈಗ ಇವರಿಬ್ಬರೂ ಒಂದು ನಿಜವಾದ ಬೈಟ್ ಕಳಿಸಲಿ. ಟಿಐ-83 ಪ್ಲಸ್ ಮಾತು ಶುರು ಮಾಡುವಾಗ ಮೊದಲು ತಾನು ಯಾರು ಅಂತ ಹೇಳುತ್ತದೆ. ಆ ಗುರುತಿನ ಸಂಖ್ಯೆ ಹೆಕ್ಸ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಬರೆದರೆ, 73. ಬಿಟ್‌ಗಳಾಗಿ ಬರೆದರೆ 01110011. ಕಳಿಸುವುದು ಬಲಗಡೆಯ ಬಿಟ್‌ನಿಂದ. ಹಾಗಾದರೆ ಬಿಳಿ, ಬಿಳಿ, ಕೆಂಪು, ಕೆಂಪು, ಬಿಳಿ, ಬಿಳಿ, ಬಿಳಿ, ಕೆಂಪು.

(ಮೊದಲ ಸಲ ನಾಲ್ಕನೇ ಬಿಟ್‌ನಲ್ಲಿ ಹುಡುಗ ಆತುರಪಟ್ಟ. ಅವಳು ಬಿಡುವ ಮೊದಲೇ ಮುಂದಿನದನ್ನು ಎಳೆದ. ಅವಳಿಗೆ ಯಾವುದು ಯಾರು ಎಳೆದದ್ದು ಅಂತ ತಿಳಿಯದೆ ನಿಂತಳು. ಇಡೀ ಸಭೆ ತಪ್ಪು ಎಲ್ಲಿ ಅಂತ ಕೂಗಿ ಹೇಳಿತು. ಎರಡನೇ ಸಲ ಸರಿಯಾಗಿ 73 ದಾಟಿತು.)

ನೋಡಿದಿರಾ? ನಾಲ್ಕೂ ಹೆಜ್ಜೆ ಯಾಕೆ ಬೇಕು ಅಂತ ಈಗ ನಾನು ಹೇಳಬೇಕಾಗಿಲ್ಲ.

ಬೈಟ್‌ಗಳು ಸೇರಿ ಪ್ಯಾಕೆಟ್ ಆಗುತ್ತವೆ. ಮೊದಲು ಯಂತ್ರದ ಗುರುತು, ಆಮೇಲೆ ಏನು ಮಾಡಬೇಕು ಅನ್ನುವ ಆದೇಶ, ಆಮೇಲೆ ಎಷ್ಟು ಬೈಟ್ ಬರುತ್ತಿದೆ ಅನ್ನುವ ಲೆಕ್ಕ, ಆಮೇಲೆ ಸರಕು. ಕೊನೆಗೆ ಎರಡು ಬೈಟಿನ ಚೆಕ್‌ಸಮ್. ಅದು ಸರಕಿನ ಬೈಟ್‌ಗಳನ್ನೆಲ್ಲಾ ಕೂಡಿದ ಮೊತ್ತ, ಅಷ್ಟೇ. ಕಿರಾಣಿ ಅಂಗಡಿಯ ಚೀಟಿಯ ಕೆಳಗೆ ಮೊತ್ತ ಬರೆದ ಹಾಗೆ. ಪಡೆದವರು ತಾವೂ ಕೂಡಿ ನೋಡುತ್ತಾರೆ. ಸರಿಯಿದ್ದರೆ ಹೆಕ್ಸ್‌ನಲ್ಲಿ 56 ಎಂಬ ಉತ್ತರ, ತಪ್ಪಿದ್ದರೆ 5ಎ ಎಂಬ ಉತ್ತರ. ಇದರಲ್ಲಿ ಒಂದು ಕೊರತೆಯೂ ಇದೆ. ಎರಡು ಬೈಟ್ ಅದಲು ಬದಲಾದರೆ ಮೊತ್ತ ಅದೇ ಬರುತ್ತದೆ. 12 ಕೂಡಿಸು 5, 5 ಕೂಡಿಸು 12, ಎರಡೂ 17 ಅಲ್ವಾ? ಆದರೆ ಈ ಕೇಬಲಿನಲ್ಲಿ ಬಿಟ್‌ಗಳು ಒಂದರ ಹಿಂದೆ ಒಂದು ಕೈ ಹಿಡಿದೇ ಬರುತ್ತವೆ, ಅದಲು ಬದಲಾಗುವ ದಾರಿ ಇಲ್ಲ. ಹಾಗಾಗಿ ಮೊತ್ತ ಸಾಕು.

ಕಂಪ್ಯೂಟರ್ ಕಡೆ ಏನಾಗುತ್ತದೆ ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಮೊದಲು ಸೀರಿಯಲ್ ಪೋರ್ಟಿಗೆ ಹಾಕುವ ಕೇಬಲ್‌ಗಳಿದ್ದವು, ಆಮೇಲೆ ಯುಎಸ್‌ಬಿಗೆ ಹಾಕುವಂಥದ್ದು ಬಂತು. 2004ರ ಟಿಐ-84 ಪ್ಲಸ್‌ನಲ್ಲಿ ಕ್ಯಾಲ್ಕುಲೇಟರಿನ ಮೇಲೇ ಮಿನಿ ಯುಎಸ್‌ಬಿ ಇತ್ತು. 2015ರ ಟಿಐ-84 ಪ್ಲಸ್ ಸಿಇಯಲ್ಲಿ ಹಳೆಯ ಜ್ಯಾಕ್ ಇಲ್ಲವೇ ಇಲ್ಲ. ವಿಂಡೋಸ್, ಮ್ಯಾಕ್‌ಗೆ ಕಂಪನಿಯ ಟಿಐ ಕನೆಕ್ಟ್ ಇದೆ. ಲಿನಕ್ಸ್ ಇರುವವರಿಗೆ ಹವ್ಯಾಸಿಗಳು ಬರೆದ ಟಿಐಎಲ್‌ಪಿ ಇದೆ. ಪ್ರೋಗ್ರಾಮ್ ಕಂಪ್ಯೂಟರಿಗೆ ಬಂದಾಗ 8ಎಕ್ಸ್‌ಪಿ ಎಂಬ ಬಾಲದ ಫೈಲ್ ಆಗುತ್ತದೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಮೊದಲಿಗೆ ನಕ್ಷತ್ರ ಚಿಹ್ನೆಗಳ ನಡುವೆ ಟಿಐ83ಎಫ್ ಎಂದು ಕಾಣುತ್ತದೆ, ಉಳಿದದ್ದು ಗೋಜಲು. ಅದು ಟೋಕನ್‌ಗಳ ಸಾಲು, ಅಕ್ಷರಗಳಲ್ಲ.

ಎಚ್‌ಪಿಯವರ ದಾರಿ ಬೇರೆ. 1990ರ ಎಚ್‌ಪಿ-48ಎಸ್‌ಎಕ್ಸ್‌ನಲ್ಲಿ ಸೀರಿಯಲ್ ಪೋರ್ಟ್ ಇತ್ತು. ಜೊತೆಗೆ ಇನ್‌ಫ್ರಾರೆಡ್ ಕೂಡ. ಎರಡು ಕ್ಯಾಲ್ಕುಲೇಟರನ್ನು ಎದುರುಬದುರು ಇಟ್ಟರೆ ತಂತಿಯಿಲ್ಲದೆ ಪ್ರೋಗ್ರಾಮ್ ಹೋಗುತ್ತಿತ್ತು. ಕಂಪ್ಯೂಟರಿನ ಜೊತೆ ಮಾತಾಡಲು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಕರ್ಮಿಟ್ ಪ್ರೋಟೊಕಾಲ್, ಅಂದರೆ ಫೈಲ್ ದಾಟಿಸುವ ನಿಯಮಗಳ ಕಟ್ಟು, ಬಳಸಿದರು. ಕ್ಯಾಸಿಯೊ 2017ರಲ್ಲಿ ತಂದ ಎಫ್‌ಎಕ್ಸ್-ಸಿಜಿ50 ಎಲ್ಲಕ್ಕಿಂತ ಸುಲಭ. ಯುಎಸ್‌ಬಿ ಚುಚ್ಚಿದರೆ ಪೆನ್‌ಡ್ರೈವ್ ಥರ ಕಾಣಿಸಿಕೊಳ್ಳುತ್ತದೆ, ಫೈಲ್ ಎಳೆದು ಹಾಕಿದರಾಯಿತು.

ಕೇಬಲಿನಿಂದ ಪ್ರತಿ ಇಡುವುದಷ್ಟೇ ಆಗಿದ್ದರೆ ನಾನು ಇಷ್ಟು ಹೊತ್ತು ನಿಮ್ಮನ್ನು ಕೂರಿಸುತ್ತಿರಲಿಲ್ಲ. ಅದು ಇನ್ನೊಂದು ಬಾಗಿಲನ್ನೂ ತೆರೆಯಿತು.

1992ರ ಟಿಐ-85ರಲ್ಲಿ ಬರೆಯಬಹುದಾಗಿದ್ದು ಬೇಸಿಕ್ ಮಾತ್ರ. ಪ್ರೊಸೆಸರಿನ ಸ್ವಂತ ಭಾಷೆ, ಅಂದರೆ ಅಸೆಂಬ್ಲಿ, ಬಳಕೆದಾರರಿಗೆ ಸಿಗುತ್ತಿರಲಿಲ್ಲ. 1990ರ ದಶಕದ ನಡುವಿನಲ್ಲಿ ಕೆಲವು ಹವ್ಯಾಸಿಗಳು ಒಂದು ವಿಷಯ ಗಮನಿಸಿದರು. ಕೇಬಲ್ ಮೂಲಕ ಇಡೀ ಮೆಮೊರಿಯ ಬ್ಯಾಕಪ್ ತೆಗೆಯಬಹುದು. ಅದನ್ನೇ ವಾಪಸ್ ಹಾಕಬಹುದು. ಹಾಗಾದರೆ ನಡುವೆ ಕಂಪ್ಯೂಟರಿನಲ್ಲಿ ಅದನ್ನು ತಿದ್ದಿದರೆ? ಕಸ್ಟಮ್ ಮೆನುವಿನ ಒಂದು ಜಾಗವನ್ನು ತಮ್ಮ ಕೋಡ್ ಕಡೆ ತಿರುಗಿಸಿ ವಾಪಸ್ ಕಳಿಸಿದರು. ಕ್ಯಾಲ್ಕುಲೇಟರ್ ಆ ಮೆನು ಒತ್ತಿದ ಕೂಡಲೇ ಅವರ ಕೋಡ್ ಓಡಿಸಿತು. ಅದರ ಮೇಲೆ ಕಟ್ಟಿದ್ದೇ ಅಸೆಂಬ್ಲಿ ಪ್ರೋಗ್ರಾಮ್‌ಗಳನ್ನು ಓಡಿಸಿಕೊಡುವ ಜೆಡ್‌ಶೆಲ್. ಆಮೇಲೆ ಆಟಗಳು ಬಂದವು. ಬೇಸಿಕ್‌ನಲ್ಲಿ ತೆವಳುತ್ತಿದ್ದದ್ದು ಅಸೆಂಬ್ಲಿಯಲ್ಲಿ ಓಡಿತು. ಮುಂದೆ ಕಂಪನಿಯೇ ಇದನ್ನು ಒಪ್ಪಿಕೊಂಡಿತು. ಈ 83 ಪ್ಲಸ್‌ನಲ್ಲಿ ಅಸೆಂಬ್ಲಿ ಓಡಿಸುವ ಆದೇಶ ಮೊದಲೇ ಇದೆ.

ಇನ್ನೊಂದು ಪ್ರಸಂಗ 2009ರದ್ದು. 83 ಪ್ಲಸ್‌ಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಬೇಕಾದರೆ ಅದರ ಮೇಲೆ ಕಂಪನಿಯ ಡಿಜಿಟಲ್ ಸಹಿ ಇರಬೇಕು. ಆ ಸಹಿಯ ಕೀ, ಅಂದರೆ ಒತ್ತುವ ಗುಂಡಿಯಲ್ಲ, ಸಹಿಯನ್ನು ಕಾಯುವ ಸಂಖ್ಯೆ, 512 ಬಿಟ್‌ನದ್ದು. ಹತ್ತಿರ ಹತ್ತಿರ 155 ಅಂಕಿಯ ಒಂದು ಸಂಖ್ಯೆ, ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಆ ಎರಡನ್ನು ಕಂಡುಹಿಡಿದರೆ ಸಹಿ ನಿಮ್ಮದಾಗುತ್ತದೆ. 1999ರಲ್ಲಿ ಇಷ್ಟೇ ದೊಡ್ಡ ಸಂಖ್ಯೆಯನ್ನು ಒಡೆಯಲು ಸಂಶೋಧಕರ ತಂಡವೊಂದು ನೂರಾರು ಕಂಪ್ಯೂಟರ್ ಬಳಸಿತ್ತು. ಹತ್ತು ವರ್ಷದ ಮೇಲೆ ಒಬ್ಬ ಹವ್ಯಾಸಿ ಮನೆಯ ಒಂದೇ ಕಂಪ್ಯೂಟರಿನಲ್ಲಿ ಸುಮಾರು 73 ದಿನ ಲೆಕ್ಕ ಓಡಿಸಿ ಇದನ್ನು ಒಡೆದ. ಉಳಿದ ಮಾದರಿಗಳ ಕೀಗಳನ್ನು ಬೇರೆ ಬೇರೆಯವರು ತಮ್ಮ ಕಂಪ್ಯೂಟರುಗಳನ್ನು ಜೋಡಿಸಿ ಒಡೆದರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅವನ್ನು ಪ್ರಕಟಿಸಿದವರಿಗೆ ಕಾನೂನು ನೋಟಿಸ್ ಕಳಿಸಿತು. ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಇಎಫ್‌ಎಫ್ ಸಂಸ್ಥೆ ಅವರ ಪರ ನಿಂತಿತು. ತಾನೇ ಕೊಂಡ ಯಂತ್ರದಲ್ಲಿ ತಾನು ಬರೆದದ್ದನ್ನು ಓಡಿಸುವುದು ತಪ್ಪಲ್ಲ ಎಂಬುದು ನನ್ನ ಅಭಿಪ್ರಾಯವೂ ಹೌದು.

2020ರಲ್ಲಿ ಟಿಐ-84 ಪ್ಲಸ್ ಸಿಇ ಮಾದರಿಯ ಹೊಸ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಅಸೆಂಬ್ಲಿ ಮತ್ತು ಸಿ ಪ್ರೋಗ್ರಾಮ್‌ಗಳನ್ನು ನಿಲ್ಲಿಸಿದರು. ಪರೀಕ್ಷೆಯ ಭದ್ರತೆ ಅದಕ್ಕೆ ಕಾರಣ. ಕೆಲವೇ ತಿಂಗಳಲ್ಲಿ ಹವ್ಯಾಸಿಗಳು ಮತ್ತೆ ದಾರಿ ಹುಡುಕಿಕೊಂಡರು. ಪೈಥಾನ್ ಮಾತ್ರ ಈಗ ಟಿಐ, ಕ್ಯಾಸಿಯೊ ಎರಡರ ಹೊಸ ಮಾದರಿಗಳಲ್ಲೂ ಸಿಗುತ್ತದೆ.

ಇಲ್ಲಿ ಒಬ್ಬ ಮೇಷ್ಟ್ರು ಎದ್ದು ಕೇಳಿದರು: "ಮೇಡಂ, ಪ್ರೋಗ್ರಾಮ್ ಹಾಕೋಕೆ ಬಿಟ್ಟರೆ ಮಕ್ಕಳು ಸೂತ್ರಗಳನ್ನೆಲ್ಲಾ ಅದರಲ್ಲೇ ಬರ‍್ಕೊಂಡು ಬರ‍್ತಾರಲ್ಲ?" ಅವರ ಚಿಂತೆ ನ್ಯಾಯವಾದದ್ದು. ಫ್ರಾನ್ಸ್‌ನಲ್ಲಿ ಇದಕ್ಕೆ ಪರೀಕ್ಷಾ ಮೋಡ್ ಇದೆ. ಅದನ್ನು ಹಾಕಿದರೆ ಒಳಗಿನ ಪ್ರೋಗ್ರಾಮ್‌ಗಳು ಕೈಗೆ ಸಿಗುವುದಿಲ್ಲ, ಮೇಲೆ ಒಂದು ದೀಪ ಮಿನುಗುತ್ತದೆ. ಮೇಲ್ವಿಚಾರಕರಿಗೆ ದೂರದಿಂದಲೇ ಕಾಣುತ್ತದೆ. ಆ ಮೂರು ಗಂಟೆಗೆ ಬಾಗಿಲು ಹಾಕಲಿ, ಖಂಡಿತಾ ಹಾಕಲಿ. ಉಳಿದ ವರ್ಷವಿಡೀ ಬೀಗ ಜಡಿಯುವುದು ಬೇಡ ಅನ್ನುವುದಷ್ಟೇ ನನ್ನ ಕೋರಿಕೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಫೋನಲ್ಲಿ ಎಲ್ಲಾ ಇದೆಯಲ್ವಾ ಮೇಡಂ, ಇದನ್ನ ಈಗ ಯಾಕೆ ಕಲಿಬೇಕು?" ಗ್ರಾಫ್ ಬರೆಯಲು ಫೋನೇ ಸಾಕು. ಅಮೆರಿಕದಲ್ಲಿ ಕಾಲೇಜು ಸೇರಲು ಬರೆಯುವ ಎಸ್ಎಟಿ ಪರೀಕ್ಷೆಯೂ ಈಗ ಕಂಪ್ಯೂಟರಿಗೆ ಬಂದು, ಗ್ರಾಫಿಂಗ್ ಕ್ಯಾಲ್ಕುಲೇಟರ್ ಪರದೆಯ ಮೇಲೇ ಸಿಗುತ್ತದೆ. ಆದರೆ ಫೋನಿನ ಯುಎಸ್‌ಬಿಯಲ್ಲಿ ಒಂದು ಬಿಟ್ ಹೇಗೆ ದಾಟುತ್ತದೆ ಅಂತ ರಿಬ್ಬನ್ ಎಳೆದು ತೋರಿಸಲು ನನ್ನಿಂದ ಆಗುವುದಿಲ್ಲ. ಇಲ್ಲಿ ಆಗುತ್ತದೆ. ಇಲ್ಲಿ ಕಲಿತ ಕೈಗೊಟ್ಟು ಕೈಬಿಡುವ ಪಾಠ ನಾಳೆ ನೀವು ಸೆನ್ಸರ್ ಜೋಡಿಸುವಾಗ, ನೆಟ್‌ವರ್ಕ್ ಓದುವಾಗ ಮತ್ತೆ ಸಿಗುತ್ತದೆ.

ಕೊಳ್ಳಲೇಬೇಕು ಅಂತೇನಿಲ್ಲ. ಇವುಗಳ ಬೆಲೆ ಜಾಸ್ತಿ, ನಮ್ಮ ಪರೀಕ್ಷೆಗೆ ಬೇಕಾಗಿಯೂ ಇಲ್ಲ. ಫ್ರಾನ್ಸ್‌ನ ನಮ್‌ವರ್ಕ್ಸ್ ಕಂಪನಿಯ ಕ್ಯಾಲ್ಕುಲೇಟರನ್ನು ಬ್ರೌಸರಿನಲ್ಲೇ ಪುಕ್ಕಟೆಯಾಗಿ ಬಳಸಬಹುದು, ಪೈಥಾನ್ ಕೂಡ ಇದೆ. ಮೊದಲು ಆ ತ್ರಿಕೋನ ಬರೆದು ನೋಡಿ. ವಿದೇಶದಲ್ಲಿ ಓದಿದ ಅಕ್ಕನೋ ಅಣ್ಣನೋ ಇದ್ದರೆ ಅವರ ಹಳೆಯ ಪೆಟ್ಟಿಗೆಯಲ್ಲಿ ಒಂದು ಕ್ಯಾಲ್ಕುಲೇಟರ್ ಬಿದ್ದಿರುತ್ತದೆ, ಕೇಳಿ.

ಕೊನೆಗೆ ಕ್ಯಾಲ್ಕುಲೇಟರಿನ ಕೇಬಲನ್ನು ಒಂದು ಆರ್ಡುಯಿನೊಗೆ, ಅಂದರೆ ನಾವೇ ಕೋಡ್ ಬರೆದು ಹಾಕಬಹುದಾದ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿಗೆ, ಜೋಡಿಸಿದೆವು. ಕೆಂಪು ಒಂದು ಪಿನ್‌ಗೆ, ಬಿಳಿ ಇನ್ನೊಂದಕ್ಕೆ, ಮೂರನೆಯದು ಗ್ರೌಂಡ್‌ಗೆ. ರಿಬ್ಬನ್ ಹಿಡಿದ ಹುಡುಗಿ ಮಾಡಿದ ನಾಲ್ಕು ಹೆಜ್ಜೆಗಳನ್ನೇ ಮಾಡುವ ಒಂದು ಚಿಕ್ಕ ಕೋಡ್ ಅದರಲ್ಲಿತ್ತು. ಕ್ಯಾಲ್ಕುಲೇಟರಿನಲ್ಲಿ ಕಳಿಸು ಎಂದು ಒತ್ತಿದ ಕೂಡಲೇ ಲ್ಯಾಪ್‌ಟಾಪ್ ಪರದೆಯಲ್ಲಿ ಮೊದಲ ಬೈಟ್ ಬಂತು: 73. ಸಭೆ ಚಪ್ಪಾಳೆ ತಟ್ಟಿತು. ಮೊದಲ ಪ್ಯಾಕೆಟ್ ಪೂರ್ತಿ ಬಂತು. ಆದರೆ 56 ಎಂದು ಉತ್ತರ ಕೊಡುವ ಭಾಗವನ್ನು ನಾನು ಬರೆದಿರಲಿಲ್ಲ. ಕ್ಯಾಲ್ಕುಲೇಟರ್ ಸ್ವಲ್ಪ ಹೊತ್ತು ಕಾದು ಎರರ್ ತೋರಿಸಿತು. ಆ ಉತ್ತರ ಬರೆಯುವುದನ್ನು ನಮಗೆ ಬಿಡಿ ಎಂದು ಇಬ್ಬರು ಡಿಪ್ಲೊಮಾ ವಿದ್ಯಾರ್ಥಿನಿಯರು ಬೋರ್ಡು, ಕೇಬಲು, ಕ್ಯಾಲ್ಕುಲೇಟರ್ ಮೂರನ್ನೂ ಒಂದು ವಾರದ ಮಟ್ಟಿಗೆ ಕೇಳಿ ತೆಗೆದುಕೊಂಡು ಹೋದರು.